ಒಂದು ಮಟ್ಟು, ನಾಲ್ಕು ಹಾಡು: ಅಮೆರಿಕದ ಕಂಟ್ರಿ ಸಂಗೀತವನ್ನು ಕುರಿತು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಹುಟ್ಟಿ ಬೆಳೆದ ಕಂಟ್ರಿ ಸಂಗೀತವನ್ನು ಕುರಿತು ಎರಡು ಅಭಿಪ್ರಾಯಗಳು ಬಹುಕಾಲದಿಂದ ಬಳಕೆಯಲ್ಲಿವೆ. ಅದು ಹಳ್ಳಿಗಾಡಿನ ಬಿಳಿಯರ ಅಕೃತ್ರಿಮವಾದ ಹೃದಯವಾಣಿ ಎಂಬುದು ಒಂದು. ತಾಯಿ, ಮನೆ, ದೇವರು, ಮದ್ಯ, ಮುರಿದ ಪ್ರೇಮ ಇವುಗಳಾಚೆಗೆ ಅದಕ್ಕೆ ವಸ್ತುವೇ ಇಲ್ಲವೆಂಬುದು ಇನ್ನೊಂದು. ಮೊದಲನೆಯದು ಅಭಿಮಾನಿಗಳ ಮಾತು, ಎರಡನೆಯದು ಹಳಿಯುವವರ ಮಾತು. ಹಾಡನ್ನು ಚರಿತ್ರೆಯ ಆಕರವಾಗಿ ಓದಬಯಸುವ ನಮಗೆ ಇವೆರಡೂ ಸಾಲವು.

ಆರಂಭವನ್ನೇ ನೋಡಬಹುದು. 1927ರ ಜುಲೈ ಕೊನೆಯಲ್ಲಿ ವಿಕ್ಟರ್ ಗ್ರಾಮಫೋನ್ ಸಂಸ್ಥೆಯ ಪರವಾಗಿ ರಾಲ್ಫ್ ಪೀರ್ ಎಂಬವನು ಟೆನೆಸಿ ಮತ್ತು ವರ್ಜೀನಿಯಗಳ ಗಡಿಯ ಮೇಲಿರುವ ಬ್ರಿಸ್ಟಲ್ ಪಟ್ಟಣಕ್ಕೆ ಬಂದು ಧ್ವನಿಮುದ್ರಣ ನಡೆಸಿದನು. ಕಾರ್ಟರ್ ಕುಟುಂಬದವರ ಮತ್ತು ಜಿಮ್ಮಿ ರಾಡ್ಜರ್ಸನ ಕಂಠಗಳು ಮೊದಲ ಬಾರಿಗೆ ಮುದ್ರಿತವಾದುದು ಅಲ್ಲಿಯೇ. ಪೀರ್ ಜನಪದ ಸಂಗ್ರಾಹಕನಲ್ಲ, ವ್ಯಾಪಾರಿ. ಹಾಡುಗಳ ಹಕ್ಕುಸ್ವಾಮ್ಯವೇ ಅವನ ಮುಖ್ಯ ವರಮಾನವಾಗಿದ್ದಿತು. ಆದುದರಿಂದ ಕಿವಿಗೆ ಹಳೆಯದೆನಿಸಿ ಕಾನೂನಿಗೆ ಹೊಸದೆನಿಸುವ ಹಾಡು ಅವನಿಗೆ ಬೇಕಾಗಿದ್ದಿತು. ಎ. ಪಿ. ಕಾರ್ಟರನು ಬೆಟ್ಟದ ಊರುಗಳನ್ನು ಸುತ್ತಿ, ಹಾಡುಗಳನ್ನು ಕೂಡಿಹಾಕಿ, ತನ್ನ ಹೆಸರಿನಲ್ಲಿಯೇ ನೋಂದಾಯಿಸಿದುದರ ಹಿನ್ನೆಲೆ ಇದು. ಈ ಸುತ್ತಾಟಗಳಲ್ಲಿ ಅವನ ಜತೆಗಿದ್ದವನು ಕಪ್ಪು ಜನಾಂಗದ ಗಿಟಾರು ವಾದಕ ಲೆಸ್ಲಿ ರಿಡಲ್. ಕಾರ್ಟರನು ಪದಗಳನ್ನು ಬರೆದುಕೊಳ್ಳುತ್ತಿದ್ದನು. ರಿಡಲನು ಮಟ್ಟನ್ನು ನೆನಪಿನಲ್ಲಿ ಹಿಡಿದು ತರುತ್ತಿದ್ದನು. ಕಾರ್ಟರ್ ಕುಟುಂಬದ ಧ್ವನಿಮುದ್ರಿಕೆಗಳ ಮೇಲೆ ಇವನ ಹೆಸರನ್ನು ಹುಡುಕಿದರೆ ಸಿಕ್ಕುವುದಿಲ್ಲ. 1930ರಲ್ಲಿ ರಾಡ್ಜರ್ಸನ ಒಂದು ಹಾಡಿಗೆ ತುತ್ತೂರಿ ನುಡಿಸಿದ ಲೂಯಿ ಆರ್ಮ್‌ಸ್ಟ್ರಾಂಗನ ಹೆಸರನ್ನೂ ಅಂದು ಅಚ್ಚು ಮಾಡಲಿಲ್ಲ. ಕಪ್ಪು ಜನರಿಗೆ ಒಂದು ಪಟ್ಟಿ, ಬಿಳಿಯರಿಗೆ ಇನ್ನೊಂದು ಪಟ್ಟಿ ಎಂದು ಸಂಸ್ಥೆಗಳು ಸರಕನ್ನು ವಿಂಗಡಿಸಿದುವು. ‘ಬಿಳಿಯರ ಹೃದಯವಾಣಿ’ ಎಂಬ ಮಾತಿನಲ್ಲಿ ಈ ವಿಂಗಡಣೆಯ ಪಾಲೂ ಇದೆ ಎಂಬುದನ್ನು ಮರೆಯಲಾಗದು.

ಇನ್ನು ವಸ್ತುವಿನ ಬಡತನ. ಇದನ್ನು ಪರೀಕ್ಷಿಸಲು ಒಂದೇ ಮಟ್ಟಿನ ಬೆನ್ನು ಹತ್ತಿ ಹೋಗುವುದು ಲೇಸೆಂದು ನಮಗೆ ತೋರುತ್ತದೆ. ‘ಐ ಆಮ್ ಥಿಂಕಿಂಗ್ ಟುನೈಟ್ ಆಫ್ ಮೈ ಬ್ಲೂ ಐಸ್’ ಎಂಬ ಹಾಡನ್ನು ಕಾರ್ಟರ್ ಕುಟುಂಬದವರು 1929ರಲ್ಲಿ ಮುದ್ರಿಸಿದರು. ಅದು ಅಗಲಿದ ನಲ್ಲನ ಕೊರಗು. 1936ರಲ್ಲಿ ರಾಯ್ ಅಕಫ್ ಅದೇ ಮಟ್ಟಿನಲ್ಲಿ ‘ದ ಗ್ರೇಟ್ ಸ್ಪೆಕಲ್ಡ್ ಬರ್ಡ್’ ಎಂಬ ಭಕ್ತಿಗೀತೆಯನ್ನು ಹಾಡಿದನು. ಬೈಬಲಿನ ಯೆರೆಮೀಯನ ಗ್ರಂಥದಲ್ಲಿ ಇತರ ಹಕ್ಕಿಗಳು ಮುತ್ತಿ ಕಾಡುವ ಚುಕ್ಕೆಯ ಹಕ್ಕಿಯೊಂದು ಬರುತ್ತದೆ. ಅದೇ ಇಲ್ಲಿ ಸಭೆಯ, ಅಂದರೆ ಲೋಕದ ತಾತ್ಸಾರಕ್ಕೆ ಗುರಿಯಾದ ಬಡ ಭಕ್ತರ, ಸಂಕೇತ. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ಮತ್ತೆ ಅದೇ ಮಟ್ಟಿಗೆ ‘ದ ವೈಲ್ಡ್ ಸೈಡ್ ಆಫ್ ಲೈಫ್’ ಹಾಡಿದಾಗ, ಮನೆಯನ್ನು ಬಿಟ್ಟು ಪಾನಗೃಹದ ಬೆಳಕಿಗೆ ಮರುಳಾದ ಹೆಣ್ಣಿನ ಮೇಲೆ ಗಂಡಿನ ದೂರು ಕೇಳಿಬಂದಿತು. ಕೆಲವೇ ತಿಂಗಳುಗಳಲ್ಲಿ ಕಿಟಿ ವೆಲ್ಸ್ ಆ ಮಟ್ಟಿನಲ್ಲಿಯೇ ಉತ್ತರ ಕೊಟ್ಟಳು: ಹೆಣ್ಣು ಹಾಗಾದುದು ದೇವರ ಸೃಷ್ಟಿದೋಷದಿಂದಲ್ಲ, ಮದುವೆಯಾಗಿಯೂ ಆಗದವರಂತೆ ನಡೆಯುವ ಗಂಡಸರಿಂದ. ಎನ್.ಬಿ.ಸಿ. ರೇಡಿಯೋ ಜಾಲವು ಇದನ್ನು ಪ್ರಸಾರ ಮಾಡಲೊಪ್ಪಲಿಲ್ಲ. ಆದರೂ ಅದು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೇರಿತು. ಒಂಟಿ ಗಾಯಕಿಯೊಬ್ಬಳಿಗೆ ಈ ಸ್ಥಾನ ದೊರೆತುದು ಅದೇ ಮೊದಲು.

ಕೇಳುಗನ ಕಿವಿಗೆ ಮಟ್ಟು ಮೊದಲೇ ಪರಿಚಿತ. ಹೊಸ ಮಾತು ಹಳೆಯ ನಂಬುಗೆಯನ್ನು ಬೆನ್ನಿಗಿಟ್ಟುಕೊಂಡು ಬರುತ್ತದೆ. ಸ್ತೋತ್ರದ ಧಾಟಿಯಲ್ಲಿಯೇ ಹೆಣ್ಣಿನ ಆಪಾದನೆ ಕೇಳಿದಾಗ ಅದಕ್ಕೆ ಬರುವ ಗಾಂಭೀರ್ಯ ಬೇರೆ. ಹೊಸತನವಿಲ್ಲವೆಂದು ಹಳಿಯುವವರಿಗೆ ಈ ಬಲ ಕಾಣದು. ಹಾಗೆಂದು ವೆಲ್ಸಳ ಹಾಡನ್ನು ಸ್ತ್ರೀಸ್ವಾತಂತ್ರ್ಯದ ಘೋಷಣೆಯೆಂದು ಕೊಂಡಾಡುವುದೂ ಅತಿರೇಕವೇ. ಹೆಣ್ಣು ಕೆಟ್ಟಳೆಂಬುದನ್ನು ಅದು ಅಲ್ಲಗಳೆಯುವುದಿಲ್ಲ. ತಪ್ಪನ್ನು ಪಾಲು ಮಾಡುತ್ತದೆ, ಅಷ್ಟೆ. ಅದನ್ನು ಬರೆದವನೂ ಜೆ. ಡಿ. ಮಿಲ್ಲರ್ ಎಂಬ ಗಂಡಸು! ಸಂತಾನನಿಯಂತ್ರಣದ ಮಾತ್ರೆಯನ್ನು ನಗುನಗುತ್ತ ಸ್ವಾಗತಿಸುವ ಲೊರೆಟಾ ಲಿನ್ನಳ ಹಾಡು ಹೊರಬರಲು 1975ರವರೆಗೆ ಕಾಯಬೇಕಾಯಿತು. ಅದಕ್ಕೂ ಹಲವು ರೇಡಿಯೋ ಕೇಂದ್ರಗಳು ಬಾಗಿಲು ಮುಚ್ಚಿದುವು.

ಕಂಟ್ರಿ ಎಂಬ ಆಂಗ್ಲ ಪದಕ್ಕೆ ಹಳ್ಳಿಗಾಡು ಎಂಬ ಅರ್ಥವೂ ದೇಶ ಎಂಬ ಅರ್ಥವೂ ಉಂಟು. ಈ ಎರಡರ ನಡುವಿನ ಜಾರುವಿಕೆಯೇ ಈ ಸಂಗೀತದ ರಾಜಕೀಯ ಎನ್ನಬಹುದು. ಹಳ್ಳಿಯ ಮನೆಯನ್ನು ಕುರಿತು ಹಾಡಿದವರೂ ಕೇಳಿದವರೂ ಬಹುಮಟ್ಟಿಗೆ ಆ ಮನೆಯನ್ನು ಬಿಟ್ಟು ಬಂದವರು: ಡೆಟ್ರಾಯಿಟ್, ಷಿಕಾಗೊ ಕಾರ್ಖಾನೆಗಳಿಗೆ, ಕ್ಯಾಲಿಫೋರ್ನಿಯದ ಹೊಲಗಳಿಗೆ ವಲಸೆ ಹೋದವರು. ಒಕ್ಲಹೋಮದಿಂದ ಕ್ಯಾಲಿಫೋರ್ನಿಯಕ್ಕೆ ಬಂದ ಇಂಥ ಒಂದು ಸಂಸಾರದಲ್ಲಿ, ರೈಲು ಡಬ್ಬಿಯೊಂದನ್ನು ಮನೆಯಾಗಿ ಮಾರ್ಪಡಿಸಿಕೊಂಡಿದ್ದವರಲ್ಲಿ, ಮರ್ಲ್ ಹ್ಯಾಗರ್ಡ್ 1937ರಲ್ಲಿ ಜನಿಸಿದನು. ‘ಓಕಿ’ ಎಂಬುದು ಅಂದು ಅವನ ಜನರಿಗೆ ಬೈಗುಳವಾಗಿದ್ದಿತು. 1969ರ ಮೊದಲ ಭಾಗದಲ್ಲಿ ಅವನ ‘ಹಂಗ್ರಿ ಐಸ್’ ಹೊರಬಂದಿತು. ಕೂಲಿಗಾರರ ಶಿಬಿರದಲ್ಲಿ ಹಸಿದ ತಾಯಿಯ ಕಣ್ಣುಗಳ ಚಿತ್ರ ಅದರಲ್ಲಿದೆ. ಬೇರೊಂದು ವರ್ಗವು ತಮ್ಮನ್ನು ಕೆಳಗಿಟ್ಟಿತೆಂಬ ಸ್ಪಷ್ಟವಾದ ಅರಿವೂ ಇದೆ. ದುಃಖವನ್ನು ಹಣೆಬರಹವೆಂದು ನುಂಗುವ ಈ ಸಂಗೀತದಲ್ಲಿ ಅಂಥ ಮಾತು ವಿರಳ. ಅದೇ ವರ್ಷದ ಕೊನೆಗೆ ಬಂದುದು ‘ಓಕಿ ಫ್ರಂ ಮಸ್ಕೋಗಿ’. ಬೈಗುಳವು ಇಲ್ಲಿ ಬಿರುದಾಗಿದೆ. ಆದರೆ ಕೋಪ ಬೇರೆ ಕಡೆಗೆ ತಿರುಗಿ, ಉದ್ದಗೂದಲಿನ ತರುಣರ ಮೇಲೆ, ಯುದ್ಧವನ್ನು ವಿರೋಧಿಸುವವರ ಮೇಲೆ ಬಿದ್ದಿದೆ. ಚರಿತ್ರೆಯ ಪುಸ್ತಕಗಳು ಹೆಚ್ಚಾಗಿ ಎರಡನೆಯ ಹಾಡನ್ನು ಮಾತ್ರ ನೆನೆಯುತ್ತವೆ. ಎರಡು ಹಾಡುಗಳೂ ಅದೇ ವರ್ಷ ಕಂಟ್ರಿ ಪಟ್ಟಿಯ ಒಂದನೆಯ ಸ್ಥಾನದಲ್ಲಿದ್ದುವು.