ಮರ್ಯಾದೆಯ ಪುಟಗಳು

ಜೂನ್ ತಿಂಗಳು ಬಂತೆಂದರೆ ನಮ್ಮ ನಡುಮನೆ ತುಂಬ ಕಂದು ಬಣ್ಣದ ಬೈಂಡ್ ಕಾಗದ, ಲೇಬಲ್ಲು, ಗೋಂದಿನ ವಾಸನೆ. ಮೊಮ್ಮಗಳು ಈಗ ಐದನೇ ಕ್ಲಾಸು. ಓದುವುದು ಊರಿನ ಕಾನ್ವೆಂಟಿನಲ್ಲಿ, ಎಂದರೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಕಥೋಲಿಕ ಶಾಲೆಯಲ್ಲಿ. ಪುಸ್ತಕಗಳಿಗೆಲ್ಲ ಹೊದಿಕೆ ಹಾಕಿ ಮುಗಿದ ಮೇಲೆ ಅವಳು ಶಾಲೆಯ ಡೈರಿಯನ್ನು ತಂದು ಅಮ್ಮನ ಮುಂದೆ ಹಿಡಿದಳು. ನನ್ನ ಮಗಳು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ, ಎಡಗೈಯಲ್ಲಿ ದೋಸೆ ಸಟ್ಟುಗ ಹಿಡಿದುಕೊಂಡೇ, ನಿಯಮಗಳನ್ನು ಓದಿ ಒಪ್ಪಿದ್ದೇವೆ ಎಂಬ ಸಾಲಿನ ಕೆಳಗೆ ಸಹಿ ಹಾಕಿದಳು. ಓದಲಿಲ್ಲ. ಅವಳನ್ನು ಬೈಯುವ ಹಕ್ಕು ನನಗಿಲ್ಲ. ಅವಳು ಶಾಲೆಗೆ ಹೋಗುತ್ತಿದ್ದಾಗ ನಾನೂ ಹತ್ತು ವರ್ಷ ಹಾಗೆಯೇ ಸಹಿ ಹಾಕಿದವಳು.

ಆ ಡೈರಿ ಮತ್ತೆ ಬ್ಯಾಗಿಗೆ ಹೋಗಿಬಿಡುತ್ತಿತ್ತು. ಆದರೆ ಮೊಮ್ಮಗಳು ಶೂ ಲೇಸು ಕಟ್ಟಿಕೊಳ್ಳುತ್ತ ನನ್ನನ್ನೊಂದು ಮಾತು ಕೇಳಿದಳು.

"ಅಜ್ಜೀ, ಆಯಮ್ಮಂಗೆ ಗುಡ್ ಮಾರ್ನಿಂಗ್ ಹೇಳ್ಬೇಕಾ? ಡೈರೀಲಿ ಟೀಚರ್‍ಸಿಗೆ, ಸಿಸ್ಟರ್‍ಸಿಗೆ, ವಿಸಿಟರ್‍ಸಿಗೆ ಅಂತ ಇದೆ. ಆಯಮ್ಮ ಅಂತ ಇಲ್ವಲ್ಲ?"

ಹೇಳಬೇಕಮ್ಮಾ ಎಂದೆ. ಅವಳು ಆಟೋ ಹತ್ತಿ ಹೋದಳು. ನನಗೆ ಮಾತ್ರ ಕೆಲಸ ಮಾಡಲು ಮನಸ್ಸಾಗಲಿಲ್ಲ. ಸಂಜೆ ಅವಳು ಬಂದ ಮೇಲೆ ಡೈರಿಯನ್ನು ಇಸಿದುಕೊಂಡು, ಕನ್ನಡಕ ಏರಿಸಿಕೊಂಡು, ಮೊದಲ ಪುಟದಿಂದ ಓದಿದೆ. ಕಥೆ ಕಾದಂಬರಿಗಳಿಗೆ ನಾವು ವಿಮರ್ಶೆ ಬರೆಯುತ್ತೇವೆ. ಪ್ರತಿ ಮನೆಯಲ್ಲೂ ವರ್ಷಕ್ಕೊಂದು ಹೊಸ ಪ್ರತಿ ಬಂದು ಬೀಳುವ, ಪ್ರತಿ ತಾಯಿಯೂ ಸಹಿ ಮಾಡುವ ಈ ಪುಸ್ತಕಕ್ಕೆ ಯಾರೂ ವಿಮರ್ಶೆ ಬರೆದದ್ದನ್ನು ನಾನು ಕಂಡಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ನಾನಾದರೂ ಬರೆಯೋಣ ಅನ್ನಿಸಿತು.

ಒಟ್ಟು 32 ನಿಯಮಗಳು. ಎಲ್ಲವೂ ಇಂಗ್ಲಿಷಿನಲ್ಲಿ. ಸಹಿ ಹಾಕುವ ಎಷ್ಟೋ ತಾಯಂದಿರಿಗೆ ಆ ಭಾಷೆ ಅಷ್ಟಾಗಿ ಬಾರದು ಎಂಬುದನ್ನು ಸದ್ಯಕ್ಕೆ ಬದಿಗಿಡೋಣ. ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಹುಟ್ಟುಹಬ್ಬಕ್ಕೆ ಚಾಕಲೇಟು ಬಿಟ್ಟು ಬೇರೇನೂ ಹಂಚಕೂಡದು ಎಂಬ ನಿಯಮವಿದೆ. ಬರೆದವರು ಯಾರೋ, ಬಡವರ ಮನೆಯ ಮಗುವಿನ ಮುಖ ನೋಡಿ ಬಲ್ಲವರು. ಸಹಪಾಠಿಗಳನ್ನು ಅಡ್ಡಹೆಸರಿನಿಂದ ಕರೆಯಕೂಡದು ಎಂದಿದೆ, ಅದೂ ಒಳ್ಳೆಯದೇ. ಹಿರಿಯರು ಒಳಗೆ ಬಂದಾಗ ಎದ್ದು ನಿಲ್ಲಬೇಕು, ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ತಪ್ಪಾದರೆ ಕ್ಷಮೆ ಕೇಳಬೇಕು ಎಂಬುದಕ್ಕೆಲ್ಲ ಯಾವ ತಾಯಿಯ ತಕರಾರಿದೆ? ನಾವು ಮನೆಯಲ್ಲಿ ದಿನವೂ ಹೇಳಿ ಸೋತ ಮಾತುಗಳನ್ನೇ ಅವರು ಅಚ್ಚು ಹಾಕಿಸಿದ್ದಾರೆ.

ಉಳಿದದ್ದು ನಿಮಗೂ ಗೊತ್ತಿರುವುದೇ. ಎರಡು ಜಡೆ, ಮಡಿಸಿ ರಿಬ್ಬನ್ ಕಟ್ಟಬೇಕು. ಹೂವು ಕೂಡದು, ಮೆಹಂದಿ ಕೂಡದು. ಮೆಟ್ಟಿಲ ಮೇಲೆ ಮಾತು ಕೂಡದು. ಶಾಲೆಯ ಆವರಣದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು. ಓದುತ್ತ ಹೋದಂತೆ ನನ್ನೊಳಗಿನ ಕನ್ನಡ ಟೀಚರು ಎಚ್ಚೆತ್ತಳು. ಮಾಡಬೇಕಾದ್ದು, ಮಾಡಬಾರದ್ದು ಹೇಳುವ ಪ್ರತಿ ವಾಕ್ಯದಲ್ಲೂ ಕರ್ತೃಪದ ಒಂದೇ: ವಿದ್ಯಾರ್ಥಿ. ಆದರೆ ಶಿಕ್ಷೆಯ ಮಾತು ಬಂದ ಕೂಡಲೆ ಕರ್ತೃವೇ ಮಾಯ. ದಂಡ ವಿಧಿಸಲಾಗುವುದು. ಹೊರಗೆ ಕಳುಹಿಸಲಾಗುವುದು. ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಯಾರಿಂದ? ಇದು ನಾವು ಮನೆಯಲ್ಲಿ ಆಡುವ ಭಾಷೆಯಲ್ಲ, ತಾಲೂಕು ಕಚೇರಿಯ ನೋಟೀಸಿನ ಭಾಷೆ. ತಪ್ಪು ಮಾಡುವಾಗ ಮಗುವಿಗೆ ಹೆಸರುಂಟು, ಶಿಕ್ಷಿಸುವವರಿಗೆ ಮಾತ್ರ ಹೆಸರಿಲ್ಲ. ಇಡೀ ಪುಸ್ತಕದಲ್ಲಿ ಗೌರವ ಎಂಬರ್ಥದ ಮಾತು ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಅದು ಮಗುವಿನಿಂದ ಹೊರಟು ಮೇಲಕ್ಕೆ ಹೋಗುತ್ತದೆ. ಒಂದು ಸಲವೂ ಕೆಳಕ್ಕೆ ಇಳಿದು ಬರುವುದಿಲ್ಲ. ಆಯಮ್ಮನವರೆಗಂತೂ ಬರುವುದೇ ಇಲ್ಲ.

ಇದನ್ನು ಇಷ್ಟು ಹಚ್ಚಿಕೊಂಡು ಬರೆಯಲು ನನಗೊಂದು ಕಾರಣವುಂಟು.

ನಾನೂ ಮಲೆನಾಡಿನ ಸಣ್ಣ ಊರೊಂದರ ಕಾನ್ವೆಂಟಿನಲ್ಲಿ ಓದಿದವಳು. 1978ರಲ್ಲಿ ಏಳನೇ ಕ್ಲಾಸು, ನಾನೇ ಕ್ಲಾಸ್ ಲೀಡರು. ಶನಿವಾರ ಬಿಳಿ ಯೂನಿಫಾರ್ಮು, ಬಿಳಿ ಕ್ಯಾನ್ವಾಸ್ ಶೂ. ಶೂ ಬೆಳ್ಳಗಿಲ್ಲದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯುವುದು ಲೀಡರಿನ ಕೆಲಸ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯ ತಾಯಿ ಅದೇ ಶಾಲೆಯಲ್ಲಿ ನೆಲ ಒರೆಸುವ ಕೆಲಸದಲ್ಲಿದ್ದರು. ಆ ಹುಡುಗಿಗೆ ಇದ್ದದ್ದು ಒಂದೇ ಜೊತೆ ಕ್ಯಾನ್ವಾಸು. ಜುಲೈ ತಿಂಗಳ ಮಳೆಯಲ್ಲಿ ನಮ್ಮ ಕಡೆ ಒಲೆಯ ಮೇಲೆ ಕಟ್ಟಿದ ಬಟ್ಟೆಯೇ ಒಣಗುವುದಿಲ್ಲ, ಶೂ ಒಣಗೀತೆ? ಎರಡು ಶನಿವಾರ ಅವಳು ಕ್ಲಾಸಿನ ಚಾಕ್‌ಪೀಸ್ ತೇಯ್ದು ಹಚ್ಚಿಕೊಂಡಳು, ನಾನು ಕಂಡೂ ಸುಮ್ಮನಿದ್ದೆ. ಮೂರನೇ ಶನಿವಾರ ಚಾಕೆಲ್ಲ ನೆನೆದು ತೊಳೆದುಹೋಗಿತ್ತು. ಟೀಚರು ನನ್ನನ್ನೇ ನೋಡುತ್ತಿದ್ದರು. ನಾನು ಹೆಸರು ಬರೆದೆ.

ಅವಳನ್ನು ವರಾಂಡದಲ್ಲಿ ನಿಲ್ಲಿಸಿದರು. ಅದೇ ವರಾಂಡವನ್ನು ಒರೆಸಿಕೊಂಡು ಅವಳ ತಾಯಿ ಬಂದರು. ಬಕೆಟ್ಟು ಕೆಳಗಿಟ್ಟರು. ಏನೂ ಮಾತಾಡಲಿಲ್ಲ. ಬಗ್ಗಿ, ಸೆರಗಿನ ತುದಿಯಿಂದ ಮಗಳ ಶೂ ಒರೆಸಿ, ಮತ್ತೆ ಬಕೆಟ್ಟು ಎತ್ತಿಕೊಂಡು ಮುಂದೆ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ದಸರಾ ರಜೆಯ ನಂತರ ಅವಳು ಶಾಲೆಗೆ ಬರಲಿಲ್ಲ. ಶೂ ಒಂದೇ ಕಾರಣ ಎಂದು ನಾನು ಹೇಳಲಾರೆ. ಅವರ ಮನೆಯಲ್ಲಿ ಕಾರಣಗಳಿಗೆ ಬರವಿರಲಿಲ್ಲ. ಆದರೆ ಆ ಕಾರಣಗಳಲ್ಲಿ ಒಂದನ್ನು ಬೋರ್ಡಿನ ಮೇಲೆ ಬರೆದವಳು ನಾನು. ನಿಯಮ ಪಾಲಿಸಿದ್ದಕ್ಕೆ ಆ ವರ್ಷ ನನಗೆ ಶಿಸ್ತಿನ ಬಹುಮಾನವೂ ಬಂತು, ಒಂದು ಸ್ಟೀಲಿನ ಲೋಟ.

ಅಂದು ಇನ್ನೂ ಒಂದು ಘಟನೆ ನಡೆಯಿತು. ಹೊಲಿಗೆ ಕಲಿಸುವ ವಯಸ್ಸಾದ ಸಿಸ್ಟರ್ ಒಬ್ಬರು ಆ ದಾರಿಯಲ್ಲಿ ಬಂದವರು, ಯಾರನ್ನೂ ಏನೂ ಕೇಳದೆ, ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಹೊಲಿಗೆ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಅವರು ಆಯಮ್ಮನನ್ನೂ ತೋಟದ ಮಾಲಿಯನ್ನೂ ಬನ್ನಿ, ಹೋಗಿ ಎಂದೇ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಅದನ್ನು ಕೇಳಿ ಕೇಳಿ ನಾವು ಹುಡುಗಿಯರೂ ಹಾಗೆ ಮಾತಾಡಲು ಕಲಿತೆವು. ಆ ಪಾಠ ನಮ್ಮ ಡೈರಿಯಲ್ಲಿ ಇರಲಿಲ್ಲ.

ಹಾಗೆಂದು ಕಾನ್ವೆಂಟುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1870ರಲ್ಲಿ ಮಂಗಳೂರಿಗೆ ಬಂದು ಹುಡುಗಿಯರ ಶಿಕ್ಷಣಕ್ಕೆ ನಿಂತ ಅಪೊಸ್ತೊಲಿಕ್ ಕಾರ್ಮೆಲ್ ಸನ್ಯಾಸಿನಿಯರು, 1921ರಲ್ಲಿ ಅದೇ ಸಂಸ್ಥೆ ತೆರೆದ ಸಂತ ಆಗ್ನೆಸ್ ಮಹಿಳಾ ಕಾಲೇಜು, ಇವುಗಳ ಋಣ ಕರಾವಳಿಯ ಎಷ್ಟು ಮನೆಗಳ ಮೇಲಿದೆ ಎಂದು ಅಲ್ಲಿಯ ಹೆಂಗಸರನ್ನು ಕೇಳಬೇಕು. ಹೆಣ್ಣುಮಗಳನ್ನು ಹೊಸಿಲು ದಾಟಿಸಲು ಹೆದರುತ್ತಿದ್ದ ನನ್ನ ತಂದೆ ನನ್ನನ್ನು ಕಾನ್ವೆಂಟಿಗೆ ಸೇರಿಸಿದ್ದು ಅಲ್ಲಿನ ಕಟ್ಟುನಿಟ್ಟನ್ನು ನಂಬಿಯೇ. ಆ ಶಿಸ್ತು ಇರದಿದ್ದರೆ ನಾನು ಓದುತ್ತಲೇ ಇರಲಿಲ್ಲ. ಅದಕ್ಕೇ ನನ್ನ ಪ್ರಶ್ನೆ ಶಿಸ್ತು ಬೇಕೇ ಬೇಡವೇ ಎಂಬುದಲ್ಲ. ಅದು ಯಾರಿಂದ ಶುರುವಾಗಬೇಕು ಎಂಬುದು.

ಬಿ.ಎಡ್. ಮಾಡುವಾಗ ಕಥೋಲಿಕ ಶಿಕ್ಷಣದ ಚರಿತ್ರೆಯನ್ನು ಪರೀಕ್ಷೆಗೆ ಬೇಕಾದಷ್ಟೇ ಓದಿದ್ದೆ. ಈ ಸಲ ಹುಡುಕಿ ಮತ್ತೆ ಓದಿದೆ. ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಬಡ ಹುಡುಗರಿಗಾಗಿ ಶಾಲೆಗಳನ್ನು ಕಟ್ಟಿದ ಸಂತರು. ಅವರ ಶಾಲಾ ನಡಾವಳಿಯ ಪುಸ್ತಕ ಅಚ್ಚಾದದ್ದು ಅವರು ತೀರಿಕೊಂಡ ಮರುವರ್ಷ, 1720ರಲ್ಲಿ. 1950ರಲ್ಲಿ ಪೋಪರು ಅವರನ್ನು ಎಲ್ಲ ಶಿಕ್ಷಕರ ಪಾಲಕ ಸಂತರೆಂದು ಸಾರಿದರು. ಆ ಪುಸ್ತಕವೇನೂ ಬೆಣ್ಣೆಯಂಥದಲ್ಲ, ಅದರಲ್ಲಿ ಬೆತ್ತವೂ ಇದೆ. ಆದರೆ ಅದು ಮಾತಾಡುವುದು ಮೇಷ್ಟರ ಜೊತೆ. ಕ್ಲಾಸಿನಲ್ಲಿ ಸದ್ದಿರಬಾರದೆಂದರೆ ಮೊದಲು ಮೇಷ್ಟರೇ ಮಾತು ಕಡಿಮೆ ಮಾಡಬೇಕು. ಅದಕ್ಕೆಂದೇ ಸನ್ನೆ ಕೊಡಲು ಅವರ ಕೈಗೊಂದು ಮರದ ಸಾಧನ ಕೊಟ್ಟಿದ್ದರು. ಸಿಟ್ಟು ಬಂದಾಗ ಶಿಕ್ಷಿಸಬಾರದು. ಶಿಕ್ಷಿಸುವ ಮುನ್ನ ಅದು ನ್ಯಾಯವೇ, ಆ ಮಗುವಿಗೆ ತಕ್ಕದ್ದೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು.

ಇಟಲಿಯ ಡಾನ್ ಬಾಸ್ಕೊ ಹೆಸರನ್ನಂತೂ ನೀವು ಎಷ್ಟೋ ಶಾಲೆಗಳ ಬೋರ್ಡಿನ ಮೇಲೆ ಓದಿದ್ದೀರಿ. ಅವರು 1877ರಲ್ಲಿ ಒಂದು ಪುಟ್ಟ ಪ್ರಬಂಧ ಬರೆದರು. ಮಕ್ಕಳನ್ನು ಬೆಳೆಸುವ ಬಗೆ ಎರಡು ಎನ್ನುತ್ತಾರೆ ಅವರು. ನಿಯಮ ಸಾರಿ, ಯಾರು ಮುರಿಯುತ್ತಾರೆಂದು ಕಾದಿದ್ದು, ಮುರಿದವರನ್ನು ಶಿಕ್ಷಿಸುವುದು ಒಂದು. ನಿಯಮ ತಿಳಿಸಿ, ತಂದೆಯ ಹಾಗೆ ಜೊತೆಯಲ್ಲೇ ಇದ್ದು, ತಪ್ಪಾಗದ ಹಾಗೆ ನಡೆಸುವುದು ಇನ್ನೊಂದು. ಮೊದಲನೆಯದು ಸುಲಭ, ಎರಡನೆಯದರ ಭಾರವೆಲ್ಲ ದೊಡ್ಡವರ ಮೇಲೆ. ಅವರು ಹಿಡಿದದ್ದು ಎರಡನೆಯದನ್ನು. ವಿವೇಕ, ಧರ್ಮ, ಅಕ್ಕರೆ ಈ ಮೂರರ ಮೇಲೆ ಅದನ್ನು ನಿಲ್ಲಿಸಿದರು.

ಎಂದರೆ, ಆ ಪರಂಪರೆಯ ಹಿರಿಯರು ಶಿಸ್ತಿನ ಪುಸ್ತಕವನ್ನು ಬರೆದದ್ದು ಮುಖ್ಯವಾಗಿ ಶಿಕ್ಷಕರಿಗಾಗಿ. ನಮ್ಮ ಡೈರಿ ಅದನ್ನು ಮಗುಚಿ ಹಾಕಿ ಪೂರಾ ಮಗುವಿನ ತಲೆಯ ಮೇಲೆ ಹೊರಿಸಿದೆ. ನನ್ನ ವಿಮರ್ಶೆಯ ಸಾರ ಇಷ್ಟೇ. ಇದು ಕಥೋಲಿಕ ಶಾಲೆಯೊಂದರ ಡೈರಿ ಎಂದು ಮುಖಪುಟದ ಶಿಲುಬೆ ಹೇಳುತ್ತದೆ. ಒಳಗಿನ ಪುಟಗಳಲ್ಲಿ ಡಾನ್ ಬಾಸ್ಕೊ ಬೇಡವೆಂದ ಆ ಮೊದಲನೆಯ ಬಗೆಯೇ ಕಾಣುತ್ತದೆ.

ಕನ್ನಡದಲ್ಲಿ ನಮಗೊಂದು ಒಳ್ಳೆಯ ಪದವಿದೆ, ಮರ್ಯಾದೆ. ಸಂಸ್ಕೃತದಲ್ಲಿ ಅದಕ್ಕೆ ಎಲ್ಲೆ, ಗಡಿ ಎಂದರ್ಥ. ಕನ್ನಡದ ಬಾಯಲ್ಲಿ ಅದು ಗೌರವವೂ ಹೌದು. ಮರ್ಯಾದೆ ಮೀರಬೇಡ ಎನ್ನುತ್ತೇವೆ, ಮರ್ಯಾದೆ ಕೊಟ್ಟು ಮರ್ಯಾದೆ ತಗೋ ಎಂದೂ ಎನ್ನುತ್ತೇವೆ. ಮೊದಲನೆಯದು ಬೇಲಿ. ಎರಡನೆಯದು ಕೊಟ್ಟು ತರುವ ವ್ಯವಹಾರ, ಪಕ್ಕದ ಮನೆಗೆ ಕಳಿಸಿದ ಬಟ್ಟಲು ಬರಿದಾಗಿ ಹಿಂತಿರುಗದ ಹಾಗೆ. ಡೈರಿಗೆ ಬೇಲಿಯ ಅರ್ಥವಷ್ಟೇ ಗೊತ್ತು.

ಬೇಲಿಯನ್ನು ಹಾಕಿದವರು ಸಿಸ್ಟರುಗಳು ಮಾತ್ರವೇ? ಅಡ್ಮಿಷನ್ನಿನ ಸಮಯದಲ್ಲಿ ಸಾಲು ನಿಲ್ಲುವ ನಮ್ಮನ್ನೇ ಕೇಳಿಕೊಳ್ಳೋಣ. ಅಲ್ಲಿ ತುಂಬ ಸ್ಟ್ರಿಕ್ಟಂತೆ ಎಂಬುದೇ ನಮ್ಮ ಮೊದಲ ಹೊಗಳಿಕೆ. ಕನ್ನಡ ಮಾತಾಡಿದರೆ ದಂಡವಂತೆ ಎಂಬುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರೂ ಇದ್ದಾರೆ, ಕೇಳಿ ಸುಮ್ಮನಿದ್ದ ಕನ್ನಡ ಟೀಚರುಗಳೂ ಇದ್ದಾರೆ, ನನ್ನಂಥವರು. ಹುಡುಗಿ ನೋಡಲು ಬಂದವರೆದುರು ನಮ್ಮವಳು ಕಾನ್ವೆಂಟಿನಲ್ಲಿ ಓದಿದವಳು ಎಂದು ಹೇಳುವಾಗ ನಾವು ಹೇಳುತ್ತಿದ್ದದ್ದು ಏನು? ಇಂಗ್ಲಿಷು ಬರುತ್ತದೆ, ಎದುರು ಮಾತಾಡುವುದಿಲ್ಲ, ಎಂದೇ ಅಲ್ಲವೇ? ನಮಗೆ ಬೇಕಾದ ಡೈರಿಯನ್ನೇ ಅವರು ಅಚ್ಚು ಹಾಕಿಸಿ ಕೊಟ್ಟರು. ನಮ್ಮ ಮನೆಯ ಕೆಲಸದವಳಿಗೆ ಮಕ್ಕಳು ಏಕವಚನ ಹಚ್ಚಿದಾಗ ತಿದ್ದದವರು, ಶಾಲೆಯ ಆಯಮ್ಮನ ಹೆಸರನ್ನು ಡೈರಿಯಲ್ಲಿ ಹುಡುಕುವುದೂ ಒಂದು ಬಗೆಯ ಸೋಗೇ.

ಕಾಲ ಬದಲಾಗುತ್ತಿದೆ ಎಂಬುದಕ್ಕೆ ಗುರುತುಗಳಿವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕಾನೂನಿನ ಮಾತು ಹಾಗಿರಲಿ, ಅವಮಾನ ಎಲ್ಲ ಶಾಲೆಗಳ ಮಗುವಿಗೂ ಒಂದೇ. 2024ರ ಏಪ್ರಿಲಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ ತನ್ನ ಶಾಲೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಬೆಳಗಿನ ಸಭೆಯಲ್ಲಿ ಮಕ್ಕಳಿಂದ ಸಂವಿಧಾನದ ಪೀಠಿಕೆ ಹೇಳಿಸಬೇಕು, ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬಾರದು ಎಂದು ಅದರಲ್ಲಿದೆ. ಓದಿ ಸಂತೋಷವಾಯಿತು. ಪೀಠಿಕೆಯಲ್ಲಿ ವ್ಯಕ್ತಿಯ ಘನತೆಯ ಮಾತು ಬರುತ್ತದಲ್ಲ, ಅದು ಸಭೆಯ ಅಂಗಳದಿಂದ ಡೈರಿಯ ಪುಟಕ್ಕೂ ಬಂದರೆ ಸಾಕು.

ಡೈರಿಯ ಕೊನೆಯಲ್ಲಿ ಪೋಷಕರ ಅನಿಸಿಕೆಗೆಂದು ಒಂದು ಪುಟ ಖಾಲಿ ಬಿಟ್ಟಿದ್ದಾರೆ. ಮಗಳ ಒಪ್ಪಿಗೆ ಕೇಳಿ, ಅಲ್ಲಿ ಕನ್ನಡದಲ್ಲೇ ಎರಡು ಸಾಲು ಬರೆದೆ. ನಮಸ್ಕಾರ ಹೇಳಬೇಕಾದವರ ಪಟ್ಟಿಯಲ್ಲಿ ಆಯಮ್ಮನವರನ್ನೂ ವಾಚ್‌ಮನ್‌ರನ್ನೂ ಸೇರಿಸಬೇಕು, ಮಗುವನ್ನು ಬೇರೆಯವರೆದುರು ನಿಲ್ಲಿಸಿ ನಾಚಿಸುವುದಿಲ್ಲ ಎಂದು ಶಾಲೆಯೂ ಒಂದು ಸಾಲು ಬರೆದು ಸಹಿ ಮಾಡಬೇಕು ಎಂದು. ಬರೆಯುವಾಗ ಆ ವರಾಂಡದ ನೆನಪಾಗಿ ಕೈ ಸ್ವಲ್ಪ ನಡುಗಿತು. ಉತ್ತರ ಇನ್ನೂ ಬಂದಿಲ್ಲ. ಅವರಿಗೂ ಕೆಲಸವಿರುತ್ತದೆ, ಕಾಯುತ್ತೇನೆ.

ಮರುದಿನ ಸಂಜೆ ಮೊಮ್ಮಗಳು ಬ್ಯಾಗು ಇಳಿಸುತ್ತ ಹೇಳಿದಳು, "ಅಜ್ಜೀ, ಆಯಮ್ಮಂಗೆ ಗುಡ್ ಮಾರ್ನಿಂಗ್ ಹೇಳ್ದೆ."

"ಏನಂದ್ರು?"

"ಮೊದ್ಲು ಹಿಂದೆ ತಿರುಗಿ ನೋಡಿದ್ರು, ಯಾರಿಗೆ ಹೇಳಿದ್ದು ಅಂತ. ಆಮೇಲೆ ನನ್ನ ಹೆಸರು ಕೇಳಿದ್ರು."