ಕುಲುಮೆಯ ನಾಲ್ಕು ಸಾಲು

ಹಳೆಯ ಮೈಸೂರು ಸಂಸ್ಥಾನದ ಕೈಗಾರಿಕಾ ನೀತಿಯನ್ನು ಪಾಠ ಹೇಳುವಾಗ ನೆನಪಿಗೆಂದು ನಾನೇ ಕಟ್ಟಿಕೊಂಡ ಸಾಲುಗಳಿವು:

ಬೀಳುವ ನೀರಿಗೆ ಮೊದಲೇ ಗಿರಾಕಿ ಹುಡುಕು;
ಮರ ಕಳಿಸಿ ಎಣ್ಣೆ ಕೊಳ್ಳಬೇಡ;
ಕುಲುಮೆ ಹೊತ್ತಿಸಿದವನು ನಷ್ಟವನ್ನೂ ಹೊರಲಿ;
ಬೂದಿಯ ಲೆಕ್ಕವನ್ನೂ ಬರೆದಿಡು.

“ಬೀಳುವ ನೀರಿಗೆ ಮೊದಲೇ ಗಿರಾಕಿ ಹುಡುಕು”: ನೀರು ಶಿವನಸಮುದ್ರದ್ದು, ಗಿರಾಕಿ ಕೋಲಾರದ ಚಿನ್ನದ ಗಣಿ. 1902ರಲ್ಲಿ ಸುಮಾರು 147 ಕಿ.ಮೀ. ತಂತಿ ಎಳೆದು ಸರ್ಕಾರ ಗಣಿಗೆ ವಿದ್ಯುತ್ ಮಾರಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ‘ಮೊದಲೇ’ ಎಂಬ ಪದದಲ್ಲೇ ಸಾಲಿನ ಜೀವವಿದೆ. ಕೊಳ್ಳುವವರು ಗೊತ್ತಿದ್ದದ್ದರಿಂದಲೇ ಅಷ್ಟು ದೊಡ್ಡ ಸಾಹಸ ಜೂಜಾಗಲಿಲ್ಲ.

“ಮರ ಕಳಿಸಿ ಎಣ್ಣೆ ಕೊಳ್ಳಬೇಡ”: ಮೈಸೂರಿನಲ್ಲಿ ಗಂಧ ರಾಜವೃಕ್ಷ, ಯಾರ ಹೊಲದಲ್ಲಿ ಬೆಳೆದರೂ ಅದು ಆಗ ಸರ್ಕಾರದ ಸೊತ್ತಾಗಿತ್ತು. ಆದರೆ ಕೊರಡು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುವ ಲಾಭ ಅಲ್ಲಿನವರದು. 1914ರ ಯುದ್ಧ ಆ ದಾರಿ ಮುಚ್ಚಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರು ಎಣ್ಣೆ ಬಟ್ಟಿ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಕಾರ್ಖಾನೆ ಶುರುವಾಯಿತು, ಮರುವರ್ಷ ಮೈಸೂರಿನಲ್ಲೂ. ಗಂಧದ ಸಾಬೂನು ಹುಟ್ಟಿದ್ದು ಈ ಎಣ್ಣೆಯಿಂದ. ಮರ, ವಿದ್ಯೆ, ಬಂಡವಾಳ ಮೂರೂ ಒಂದೇ ನಾಡಿನಲ್ಲಿ ಸೇರಿದ್ದೇ ಇದರ ಗೆಲುವು. ಇಂಥ ಕೂಡುವಿಕೆ ಪದೇಪದೇ ಸಿಗುವುದಿಲ್ಲ.

“ಕುಲುಮೆ ಹೊತ್ತಿಸಿದವನು ನಷ್ಟವನ್ನೂ ಹೊರಲಿ”: ಇಲ್ಲಿ ನಿಲ್ಲಬೇಕು. ಭದ್ರಾವತಿಯ ಸರ್ಕಾರಿ ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ನಾಂದಿಯಾಯಿತು, ಕುಲುಮೆ ಉರಿದದ್ದು 1923ರಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದು ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಆದರೆ ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಕಾಡಿನ ಇದ್ದಿಲಿನಲ್ಲೇ ಕಬ್ಬಿಣ ಕರಗಿಸಬೇಕಿತ್ತು. ಯಾವ ಸಾಹುಕಾರ ಇದಕ್ಕೆ ಕೈಹಾಕಿಯಾನು? ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು, 1929ರವರೆಗೆ ವೆಚ್ಚ ಕಡಿಮೆ ಮಾಡುತ್ತ, ಇದ್ದಿಲು ಸುಡುವ ಹೊಗೆಯಿಂದಲೂ ಮದ್ಯಸಾರ ತೆಗೆಸುತ್ತ ಅದನ್ನು ಉಳಿಸಿಕೊಂಡರು. ‘ಹೊರಲಿ’ ಎಂದರೆ ಖಜಾನೆಯಿಂದ ಸುಮ್ಮನೆ ಸುರಿಯಲಿ ಎಂದಲ್ಲ. ಲೆಕ್ಕ ಕೇಳುತ್ತಲೇ ಕಾಯಲಿ ಎಂದು. ಸಹನೆಯಿದ್ದು ಲೆಕ್ಕವಿಲ್ಲದಿದ್ದರೆ ಕಾರ್ಖಾನೆ ಸೋಮಾರಿಯಾಗುತ್ತದೆ. ಲೆಕ್ಕವೊಂದೇ ಇದ್ದಿದ್ದರೆ 1923ರ ಮರುವರ್ಷವೇ ಕುಲುಮೆ ಆರುತ್ತಿತ್ತು. ಸರ್ಕಾರ ಉದ್ಯಮಕ್ಕೆ ಇಳಿಯಬೇಕೇ ಎಂದು ವಾದಿಸುವವರು ಈ ಎರಡನ್ನೂ ಒಟ್ಟಿಗೆ ನೋಡಲಿ ಎಂಬುದು ನನ್ನ ಆಸೆ.

“ಬೂದಿಯ ಲೆಕ್ಕವನ್ನೂ ಬರೆದಿಡು”: ‘ಬೂದಿ’ ಎಂದರೆ ಆ ಕುಲುಮೆಗೆ ಇದ್ದಿಲಾದ ಮಲೆನಾಡಿನ ಮರ. ಇದ್ದಿಲಿಗೆ ಕೂಲಿಯುಂಟು, ಸಾಗಾಟದ ಬಾಡಿಗೆಯುಂಟು. ಮರ ಬೆಳೆಯಲು ಹಿಡಿದ ವರ್ಷಗಳನ್ನು ಯಾವ ಬಾಬಿಗೆ ಹಾಕಬೇಕು? ಈ ಸಾಲನ್ನು ನಾನು ಬರೆದದ್ದು ಕೊನೆಗೆ, ಉಳಿದ ಮೂರನ್ನು ಬರೆದು ಎಷ್ಟೋ ವರ್ಷಗಳ ಮೇಲೆ.