ಆಕ್ಸ್‌ಫರ್ಡಿನಲ್ಲಿ ನಾವು ಕಂಡದ್ದು

ಆಕ್ಸ್‌ಫರ್ಡಿಗೆ ಹೋಗಿಬಂದವರೆಲ್ಲ ಗೋಪುರಗಳ ಮಾತನ್ನೇ ಆಡುತ್ತಾರೆ. ಗೋಪುರಗಳೇನೋ ಚೆನ್ನಾಗಿವೆ, ಆದರೆ ಹೆಚ್ಚಾಗಿ ಹೊರಗೆ ನಿಂತೇ ನೋಡಬೇಕು. ರಾಡ್‌ಕ್ಲಿಫ್ ಕ್ಯಾಮೆರಾದ ಗುಮ್ಮಟದ ಕೆಳಗಿರುವುದು ಓದುವ ಕೊಠಡಿ. ಗೈಡ್ ಜೊತೆಗಲ್ಲದೆ ನಮ್ಮಂಥವರಿಗೆ ಪ್ರವೇಶವಿಲ್ಲ. ಮಕ್ಕಳೊಂದಿಗೆ ಹೋಗುವ ಸದಸ್ಯರು ದಿನದ ಹೆಚ್ಚು ಹೊತ್ತನ್ನು ಮ್ಯೂಸಿಯಂಗಳಿಗೆ ಇಟ್ಟುಕೊಳ್ಳುವುದು ಮೇಲು. ಮುಖ್ಯವಾದ ಮೂರಕ್ಕೂ ಪ್ರವೇಶ ಉಚಿತ.

ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು 1860ರಲ್ಲಿ ತೆರೆದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಅಲ್ಲಿ ಕಟ್ಟಡವೇ ಪಾಠ ಹೇಳುತ್ತದೆ. ಗಾಜಿನ ಮಾಡಿನ ಅಂಗಳದ ಸುತ್ತ ನಿಂತ ಕಂಬಗಳು ಬ್ರಿಟನ್ನಿನ ಬೇರೆ ಬೇರೆ ಬಗೆಯ ಕಲ್ಲುಗಳವು; ಕಲ್ಲಿನ ಹೆಸರನ್ನೂ ಬರೆದಿದ್ದಾರೆ. ಕಂಬಗಳ ತಲೆಯ ಎಲೆ ಹೂಗಳನ್ನು ಐರ್ಲೆಂಡಿನ ಓಶೇ ಸೋದರರು ಸಸ್ಯೋದ್ಯಾನದಿಂದ ತರಿಸಿದ ಗಿಡಗಳನ್ನು ಎದುರಿಗಿಟ್ಟುಕೊಂಡು ಕೆತ್ತಿದರಂತೆ. ದುಡ್ಡು ಸಾಲದೆ ಅವರ ಕೆಲಸ ಅರ್ಧಕ್ಕೇ ನಿಂತಿತು. ಡೋಡೊ ಹಕ್ಕಿಯ ತಲೆಯ ಅವಶೇಷ ಇರುವುದೂ ಈ ಮ್ಯೂಸಿಯಂನಲ್ಲೇ.

ಅದರ ಹಿಂಬಾಗಿಲಿನಿಂದ ಪಿಟ್ ರಿವರ್ಸ್ ಮ್ಯೂಸಿಯಂಗೆ ಹೋಗಬೇಕು. ಮಂದ ಬೆಳಕು, ಇಕ್ಕಟ್ಟು, ಕೈಬರಹದ ಚೀಟಿಗಳು. ಅಜ್ಜನ ಮನೆಯ ಅಟ್ಟ ಹತ್ತಿದ ಹಾಗೆ. ಇಲ್ಲಿ ವಸ್ತುಗಳನ್ನು ದೇಶವಾರು ಇಟ್ಟಿಲ್ಲ, ಬಗೆವಾರು ಇಟ್ಟಿದ್ದಾರೆ: ವಾದ್ಯಗಳೆಲ್ಲ ಒಂದು ಕಡೆ, ದೀಪಗಳೆಲ್ಲ ಒಂದು ಕಡೆ. ಮಕ್ಕಳಿಗೆ ಇದು ಬಲು ಹಿತ. ಆದರೆ ನಮಗೊಂದು ತಕರಾರಿದೆ. ದೀಪದ ಆಕಾರ ತಿಳಿಯುತ್ತದೆಯೇ ಹೊರತು, ಅದನ್ನು ಯಾರು, ಯಾವ ಹೊತ್ತಿಗೆ, ಯಾವ ದೇವರ ಮುಂದೆ ಹಚ್ಚುತ್ತಿದ್ದರು ಎಂಬುದು ಈ ಜೋಡಣೆಯಿಂದ ತಿಳಿಯುವುದಿಲ್ಲ. ಮನುಷ್ಯರ ಕುಗ್ಗಿಸಿದ ತಲೆಗಳನ್ನು 2020ರಲ್ಲಿ ಪ್ರದರ್ಶನದಿಂದ ತೆಗೆದದ್ದು ಮಾತ್ರ ಒಳ್ಳೆಯ ಕೆಲಸ.

ಆಶ್ಮೋಲಿಯನ್ ಹಳೆಯದು, ದೊಡ್ಡದು. 2009ರಲ್ಲಿ ಹೊಸ ಭಾಗ ಸೇರಿದ ಮೇಲೆ ಬೆಳಕೂ ಗಾಳಿಯೂ ಚೆನ್ನಾಗಿವೆ. ಅಲ್ಲಿನ ತಿರುಮಂಗೈ ಆಳ್ವಾರರ ಕಂಚಿನ ವಿಗ್ರಹದ ಸುದ್ದಿಯನ್ನು ನಮ್ಮಲ್ಲಿ ಅನೇಕರು ಓದಿರಬಹುದು. 1967ರಲ್ಲಿ ಲಂಡನ್ನಿನ ಹರಾಜಿನಲ್ಲಿ ಕೊಂಡ ಈ ಮೂರ್ತಿ 1957ರಲ್ಲಿ ತಮಿಳುನಾಡಿನ ದೇವಸ್ಥಾನದಲ್ಲೇ ಇತ್ತೆಂಬುದು ಹಳೆಯ ಫೋಟೋ ಒಂದರಿಂದ ಹೊರಬಿತ್ತು. ಹಿಂದಿರುಗಿಸಲು ವಿಶ್ವವಿದ್ಯಾಲಯ 2024ರಲ್ಲಿ ಒಪ್ಪಿತು. ಪೂಜೆಗೊಳ್ಳುತ್ತಿದ್ದ ಮೂರ್ತಿಯನ್ನು ಬರಿಯ ಶಿಲ್ಪವೆಂದು ನೋಡಿ ಮೆಚ್ಚುವುದು ನಮಗೆ ಆಗದ ಮಾತು. ಚಪ್ಪಲಿ ಹಾಕಿಕೊಂಡೇ ಕೈಮುಗಿಯುವವರು ನಾವು.

ಕೊನೆಗೆ, ಬ್ರಾಡ್ ಸ್ಟ್ರೀಟಿನ ಮೂಲೆಯ ಹಳೆಯ ಇಂಡಿಯನ್ ಇನ್‌ಸ್ಟಿಟ್ಯೂಟ್. ಸಂಸ್ಕೃತ ನಿಘಂಟಿನ ಮೋನಿಯರ್ ವಿಲಿಯಮ್ಸ್ ನಮ್ಮ ಮಹಾರಾಜರುಗಳಿಂದಲೂ ಚಂದಾ ಎತ್ತಿ ಕಟ್ಟಿಸಿದ್ದು. 1883ರಲ್ಲಿ ಅಡಿಗಲ್ಲು ಬಿತ್ತು. ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಆನೆಯಿದೆ. ಗಿರೀಶ ಕಾರ್ನಾಡರು 1960ರಿಂದ 1963ರವರೆಗೆ ಈ ಊರಿನಲ್ಲಿ ಓದುತ್ತಿದ್ದಾಗ ಅದರ ಲೈಬ್ರರಿ ಅಲ್ಲೇ ಇತ್ತು. ಆ ದಶಕ ಮುಗಿಯುವುದರೊಳಗೆ ಪುಸ್ತಕಗಳು ಬೇರೆಡೆಗೆ ಹೋದವು, ಕಲಾವಸ್ತುಗಳು ಆಶ್ಮೋಲಿಯನ್ ಸೇರಿದವು, ಕಟ್ಟಡ ಬೇರೆ ವಿಭಾಗಗಳ ಪಾಲಾಯಿತು. ಭಾರತಕ್ಕೆಂದು ಕೊಟ್ಟ ಹಣದ ಕಟ್ಟಡದಲ್ಲಿ ಭಾರತಕ್ಕೆ ಉಳಿದದ್ದು ಗೋಡೆಯ ಕೆತ್ತನೆ ಮತ್ತು ಆ ಆನೆ. ಹತ್ತಿರದ ಹರ್ಟ್‌ಫರ್ಡ್ ಸೇತುವೆಯ ಫೋಟೋ ತೆಗೆಯುವ ನೂಕುನುಗ್ಗಲಿನಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ನೀವು ಹೋದಾಗ ಮಕ್ಕಳಿಗೆ ತೋರಿಸಿ.